ಹಳೆಯ ಮನೆ ಖಾಲಿ ಮಾಡಿದ್ದು

ಏಳು ವರ್ಷ ನಾನು ಎರಡು ಮನೆ ನಡೆಸಿದೆ. ಹೀಗೆಂದೊಡನೆ ಓದುಗರು ಹುಬ್ಬೇರಿಸಬಾರದು. ನನ್ನ ಮನೆಯಾಕೆಗೆ ಈ ಸಂಗತಿ ಮೊದಲ ದಿನದಿಂದಲೇ ಗೊತ್ತಿತ್ತು. ಎರಡು ಮನೆಯೂ ಅವಳ ಕಣ್ಣೆದುರಿಗೇ, ನಡುಮನೆಯ ಕಿಟಕಿಯ ಪಕ್ಕದ ಮೇಜಿನ ಮೇಲೆ, ಒಂದೇ ಕಪ್ಪು ಡಬ್ಬಿಯೊಳಗೆ ಇದ್ದವು. ಆ ಡಬ್ಬಿ ನಮ್ಮ ಕಂಪ್ಯೂಟರು. ಅದನ್ನು 2016ರಲ್ಲಿ ಕೊಂಡಾಗ ಒಳಗೆ ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂ ಆಗಲೇ ಬಿಡಾರ ಹೂಡಿತ್ತು. 2018ರ ಬೇಸಿಗೆಯಲ್ಲಿ ರಜೆಗೆಂದು ಬಂದ ಅಕ್ಕನ ಮಗ, ಸುಮ್ಮನೆ ಕೂರಲಾರದ ಹುಡುಗ, ಅದೇ ಡಿಸ್ಕಿನಲ್ಲಿ ಒಂದು ಮೂಲೆ ತೆರವು ಮಾಡಿಸಿ ಉಬುಂಟು ಎಂಬ ಲಿನಕ್ಸನ್ನು ತಂದು ಕೂರಿಸಿದ. ಒಂದು ಸೂರಿನ ಕೆಳಗೆ ಎರಡು ಒಲೆ ಹೊತ್ತಿದವು.

ಲಿನಕ್ಸಿನ ಹುಟ್ಟು ಬಲ್ಲವರಿಗೆ ಹಳೆಯ ಕಥೆ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಶುರುಮಾಡಿದ್ದು. ಊರೂರಿನ ಜನ ಕೈಹಾಕಿ ಬೆಳೆಸಿದ್ದು. ಅದರ ಮೇಲೆ ಕಟ್ಟಿದ ಹಲವು ಮನೆಗಳಲ್ಲಿ ಒಂದು ಉಬುಂಟು, 2004ರಲ್ಲಿ ಬಂದದ್ದು. ಹೆಸರು ಆಫ್ರಿಕದ ದಕ್ಷಿಣ ಭಾಗದ ಭಾಷೆಗಳಿಂದ ಬಂದ ಮಾತು. ಅರ್ಥ ಸುಮಾರಾಗಿ ಮನುಷ್ಯತ್ವ ಎಂದು. ನೀವಿದ್ದರೆ ನಾನು ಎಂಬ ಧ್ವನಿಯೂ ಅದರಲ್ಲಿದೆಯಂತೆ. ಬಾಡಿಗೆ ಇಲ್ಲ, ಮುಂಗಡ ಇಲ್ಲ. ಹೀಗೆ ಹೆಸರೂ ಒಳ್ಳೆಯದು, ಬೆಲೆಯೂ ಒಳ್ಳೆಯದು ಎಂದು ನಾನು ಒಪ್ಪಿಕೊಂಡೆ.

ಅಂದಿನಿಂದ ಕಂಪ್ಯೂಟರಿನ ಗುಂಡಿ ಒತ್ತಿದರೆ ನೇರವಾಗಿ ಒಳಗೆ ಹೋಗುವಂತಿಲ್ಲ. ಮೊದಲು ಹೊಸ್ತಿಲ ಮೇಲೆ ಒಂದು ಪಟ್ಟಿ ಬರುತ್ತಿತ್ತು. ಅದನ್ನು ತೋರಿಸುವವನ ಹೆಸರು ಗ್ರಬ್. ಮೊದಲ ಸಾಲು ಉಬುಂಟು, ಎರಡನೆಯದು ಉಬುಂಟುವಿನದೇ ಒಂದಷ್ಟು ವಿಶೇಷ ಆಯ್ಕೆಗಳು, ಮೂರನೆಯದು ವಿಂಡೋಸ್. ಹತ್ತು ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಕೆಳಬಾಣದ ಕೀಲಿ ಒತ್ತಿ ಎಲ್ಲಿಗೆ ಎಂದು ಹೇಳದಿದ್ದರೆ ತಾನೇ ಉಬುಂಟುವಿನ ಬಾಗಿಲು ತೆರೆಯುತ್ತದೆ. ಕಾಫಿ ಲೋಟ ತರಲು ಅಡಿಗೆಮನೆಗೆ ಹೋಗಿಬರುವಷ್ಟರಲ್ಲಿ ಬೇಡವಾದ ಮನೆಯಲ್ಲಿ ಕುಳಿತಿರುವ ಅನುಭವ ನನಗೆ ಎಷ್ಟೋ ಸಲ ಆಗಿದೆ.

ವಿಂಡೋಸಿಗೆ ಹೋಗುತ್ತಿದ್ದವರು ಮುಖ್ಯವಾಗಿ ನಮ್ಮ ತಂದೆ. ನಮ್ಮ ಮನೆಯಲ್ಲಿ ತಂದೆಯವರನ್ನು ಅಣ್ಣ ಎಂದು ಕರೆಯುವುದು ರೂಢಿ. ಅಣ್ಣ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು. ಎಂಬತ್ತು ದಾಟಿದ ಮೇಲೆ, ಕೈ ನಡುಗಿ ಬರಹ ಕೂಡದಾದಾಗ, ಕಂಪ್ಯೂಟರಿನ ಮುಂದೆ ಕುಳಿತು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿತರು. ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಕೀಲಿ ಒತ್ತಬೇಕು ಎಂಬುದು ಅವರಿಗೆ ಒಂದು ವಾರದಲ್ಲಿ ಕೈಗೆ ಬಂತು. ನನಗೆ ಒಂದು ತಿಂಗಳು ಹಿಡಿದಿತ್ತು. ದಿನವೂ ಸ್ನಾನ, ಸಂಧ್ಯಾವಂದನೆ, ಕಾಫಿ ಆದಮೇಲೆ ಹತ್ತರಿಂದ ಹನ್ನೊಂದರವರೆಗೆ ಕುಳಿತು ತಮ್ಮ ನೆನಪುಗಳನ್ನು ಬರೆಯುತ್ತಿದ್ದರು.

ಎರಡು ಮನೆಯ ಕಷ್ಟ ಅವರಿಗೂ ತಟ್ಟಿತ್ತು. ರಾತ್ರಿ ನಾನು ಉಬುಂಟುವಿನಲ್ಲಿ ಕೆಲಸ ಮಾಡಿ ಮಲಗಿದರೆ, ಬೆಳಗ್ಗೆ ಅವರು ವಿಂಡೋಸಿಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತಿತ್ತು. ಲಿನಕ್ಸು ಯಂತ್ರದ ಗಡಿಯಾರವನ್ನು ಜಾಗತಿಕ ಕಾಲಮಾನಕ್ಕೆ, ಎಂದರೆ ಗ್ರೀನಿಚ್ಚಿನ ವೇಳೆಗೆ, ಇಟ್ಟುಕೊಂಡು ಅದಕ್ಕೆ ನಮ್ಮ ಐದೂವರೆ ಗಂಟೆಯನ್ನು ಕೂಡಿಸಿ ತೋರಿಸುತ್ತದೆ. ವಿಂಡೋಸು ಯಂತ್ರ ಹೇಳಿದ್ದೇ ಊರಿನ ವೇಳೆ ಎಂದು ನಂಬುತ್ತದೆ. ಇಂಟರ್‌ನೆಟ್ ಸಿಕ್ಕ ಮೇಲೆ ತಾನೇ ತಿದ್ದಿಕೊಳ್ಳುತ್ತದೆ; ಆದರೆ ಅಷ್ಟರಲ್ಲಿ ಅಣ್ಣ ಮಣಿಕಟ್ಟಿನ ಗಡಿಯಾರ ನೋಡಿ, “ನಿನ್ನ ಹೊಸ ಸ್ನೇಹಿತ ರಾತ್ರಿ ಇಂಗ್ಲೆಂಡಿಗೆ ಹೋಗಿದ್ದನೇನಪ್ಪ?” ಎಂದು ಕೇಳಿಯಾಗಿರುತ್ತಿತ್ತು.

2020ರ ಫೆಬ್ರವರಿಯಲ್ಲಿ ಅಣ್ಣ ತೀರಿಕೊಂಡರು. ಆಮೇಲೆ ವಿಂಡೋಸಿಗೆ ಹೋಗುವವರು ಯಾರೂ ಉಳಿಯಲಿಲ್ಲ. ನನ್ನ ಓದು, ಬರಹ, ಪತ್ರ, ಹಾಡು ಎಲ್ಲವೂ ಉಬುಂಟುವಿನಲ್ಲೇ ನಡೆಯುತ್ತಿತ್ತು. ಆದರೂ ಆ ಮನೆಯನ್ನು ಬಿಡಲಿಲ್ಲ. ಐನೂರು ಜೀಬಿಯ ಡಿಸ್ಕಿನಲ್ಲಿ ನಾಲ್ಕು ನೂರಕ್ಕೂ ಹೆಚ್ಚನ್ನು ಅದು ಹಿಡಿದು ಕೂತಿತ್ತು. ನಾನು ಅರವತ್ತರೊಳಗೆ ಮುದುರಿಕೊಂಡು ಬಾಳುತ್ತಿದ್ದೆ. ಉಬುಂಟುವಿನಿಂದ ಆ ಕಡೆಯ ಕಪಾಟಿನಲ್ಲಿ ಏನಾದರೂ ಇಡೋಣವೆಂದರೆ ಎಷ್ಟೋ ಸಲ ಅದಕ್ಕೂ ಎಡೆಯಿಲ್ಲ. ವಿಂಡೋಸು ಮುಚ್ಚಿದರೂ ಪೂರ್ತಿ ಮುಚ್ಚುವುದಿಲ್ಲ. ನಾಳೆ ಬೇಗ ಏಳಲೆಂದು ಅರೆನಿದ್ದೆಯಲ್ಲಿರುತ್ತದೆ. ಮಲಗಿದವರ ಕೋಣೆಯಲ್ಲಿ ಸಾಮಾನು ಸರಿಸಬಾರದು ಎಂಬ ಮರ್ಯಾದೆಯಿಂದ ಲಿನಕ್ಸು, ನೋಡು, ಮುಟ್ಟಬೇಡ ಎನ್ನುತ್ತದೆ.

“ಅದನ್ನು ತೆಗೆಸಿಬಿಡಿ ಅಂದ್ರೆ” ಎಂದು ನನ್ನಾಕೆ ವರ್ಷಕ್ಕೊಂದು ಸಲ ಹೇಳುತ್ತಿದ್ದಳು. ನನ್ನ ಹತ್ತಿರ ಮೂರು ಉತ್ತರ ಸಿದ್ಧವಾಗಿದ್ದವು. ಒಂದು, ಪ್ರಿಂಟರು ಅಲ್ಲಿ ಮಾತ್ರ ನಡೆಯಬಹುದು. ಎರಡು, ಆದಾಯ ತೆರಿಗೆಯ ಲೆಕ್ಕ ಒಪ್ಪಿಸುವುದಕ್ಕೆ ಬೇಕಾಗಬಹುದು. ಮೂರು, ಅಣ್ಣನ ನೆನಪುಗಳು ಅಲ್ಲಿವೆ. ಮೂರನೆಯದನ್ನು ಹೇಳಿದ ಮೇಲೆ ಅವಳು ಮಾತು ಬೆಳೆಸುತ್ತಿರಲಿಲ್ಲ. ನಾನೂ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ ಎದ್ದುಬಿಡುತ್ತಿದ್ದೆ.

ಹೀಗೆ ಎಷ್ಟು ದಿನ ನಡೆಯುತ್ತಿತ್ತೋ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಸರೆ ಮುಗಿಯಿತು. ಹಾಗೆಂದು ಯಂತ್ರ ನಿಂತುಹೋಗುವುದಿಲ್ಲ. ಕಳ್ಳಕಾಕರು ಕೊರೆಯುವ ಕನ್ನಕ್ಕೆ ತಿಂಗಳು ತಿಂಗಳು ಬರುತ್ತಿದ್ದ ತೇಪೆ ನಿಲ್ಲುತ್ತದೆ, ಅಷ್ಟೆ. ಬೇಕಾದವರಿಗೆ ಇನ್ನೊಂದು ವರ್ಷದ ವಾಯಿದೆಯೂ ಉಂಟು. ವಿಂಡೋಸ್ 11ಕ್ಕೆ ಏರೋಣವೆಂದರೆ ಅದು ಇಂಟೆಲ್ ಪ್ರೊಸೆಸರು ಎಂಟನೆಯ ತಲೆಮಾರಿನದಾದರೂ ಆಗಿರಲಿ ಎನ್ನುತ್ತದೆ. ನಮ್ಮದು ಆರನೆಯ ತಲೆಮಾರು. ಇನ್ನು ಉಳಿದದ್ದು ಹೊಸ ಯಂತ್ರ ಕೊಳ್ಳುವುದು, ಇಲ್ಲವೆ ಏಳು ವರ್ಷದಿಂದ ಒಂದು ಕಾಲಿಟ್ಟಿದ್ದ ಮನೆಯಲ್ಲಿ ಎರಡೂ ಕಾಲಿಡುವುದು.

ಎರಡು ದೋಣಿಯ ಮೇಲೆ ಕಾಲಿಟ್ಟು ನಿಂತವರಲ್ಲಿ ನನಗಿಂತ ದೊಡ್ಡವರೂ ಇದ್ದಾರೆಂಬುದು ನನಗೊಂದು ಸಮಾಧಾನ. ಜರ್ಮನಿಯ ಮ್ಯೂನಿಕ್ ನಗರಸಭೆ ತನ್ನ ಕಚೇರಿಗಳನ್ನು ಲಿನಕ್ಸಿಗೆ ಒಯ್ಯಲು 2003ರಲ್ಲಿ ತೀರ್ಮಾನಿಸಿತು. ಸುಮಾರು 15,000 ಕಂಪ್ಯೂಟರುಗಳು ಬದಲಾಗುವ ಹೊತ್ತಿಗೆ 2013 ಬಂತು. ಆದರೂ ಕೆಲವು ಕೆಲಸಗಳಿಗೆ ವಿಂಡೋಸು ಅಲ್ಲಲ್ಲಿ ಉಳಿದೇ ಇತ್ತು. ಕೊನೆಗೆ 2017ರಲ್ಲಿ ಮತ್ತೆ ವಿಂಡೋಸಿಗೇ ಹಿಂದಿರುಗುವುದೆಂದು ಸಭೆ ಗೊತ್ತುಮಾಡಿತು. ಇತ್ತ ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಪಾಠ ಕಲಿಯುತ್ತಿದ್ದಾರೆ. ಹಳೆಯ ಮನೆಯೇ ಇಲ್ಲದವರಿಗೆ ಹೊಸ ಮನೆ ಎಂಬ ಅಳುಕೂ ಇಲ್ಲ.

ಗಡುವು ಕಳೆದ ವಾರಕ್ಕೆ ದೀಪಾವಳಿ. ಹಬ್ಬಕ್ಕೆ ಬಂದ ಅಕ್ಕನ ಮಗ ಈಗ ಸಂಬಳ ತರುವ ಗಂಡಸು. “ಮಾವ, ಈ ಸಲವಾದರೂ ಮುಗಿಸೋಣ” ಎಂದು ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿಸಿ, ತಲೆ ಆರುವ ಮೊದಲೇ ಯಂತ್ರದ ಮುಂದೆ ಕುಳಿತ.

ನನ್ನ ಮೊದಲ ಎರಡು ನೆಪಗಳು ಅರ್ಧ ಗಂಟೆಯಲ್ಲಿ ಬಿದ್ದುಹೋದವು. ಪ್ರಿಂಟರಿನ ತಂತಿಯನ್ನು ಸಿಕ್ಕಿಸಿದೊಡನೆ ಉಬುಂಟು ಅದರ ಹೆಸರು ಹಿಡಿದು ಕರೆಯಿತು. ಪರೀಕ್ಷೆಯ ಹಾಳೆ ಚೆನ್ನಾಗಿಯೇ ಅಚ್ಚಾಗಿ ಬಂತು. ತೆರಿಗೆಯ ಲೆಕ್ಕವನ್ನು ಬ್ರೌಸರಿನಲ್ಲಿಯೇ ಒಪ್ಪಿಸಬಹುದು; ಹಿಂದಿನ ಎರಡು ವರ್ಷ ನಾನೇ ಹಾಗೆ ಒಪ್ಪಿಸಿ ಮರೆತಿದ್ದೆ. ಕನ್ನಡ ಟೈಪಿಗೂ ತೊಂದರೆಯಿರಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಮಗೆ ರೂಢಿಯಾಗಿದ್ದ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿಯೂ ಇದೆ. ಎಫ್ ಕೀಲಿ ಒತ್ತಿದರೆ ಇಲ್ಲಿಯೂ ಒತ್ತಕ್ಷರ ಬಂತು.

ಉಳಿದದ್ದು ಮೂರನೆಯದು. ಅಣ್ಣನ ಫೋಲ್ಡರಿನಲ್ಲಿ ಮೂವತ್ತೊಂದು ಫೈಲುಗಳಿದ್ದವು. ಒಂದನ್ನು ಉಬುಂಟುವಿನಲ್ಲಿ ತೆರೆದಾಗ ನನಗೆ ಎದೆ ಧಸಕ್ಕೆಂದಿತು. ಕನ್ನಡದ ಒಂದು ಅಕ್ಷರವೂ ಇಲ್ಲ. ಪುಟದ ತುಂಬ ಇಂಗ್ಲಿಷಿನ ಅಕ್ಷರಗಳು, ಕೆಲವಕ್ಕೆ ತಲೆಯ ಮೇಲೆ ಟೊಪ್ಪಿಗೆ, ಕೆಲವಕ್ಕೆ ಚುಕ್ಕೆ, ನಡುನಡುವೆ ಪೌಂಡಿನ ಗುರುತು, ಸಾಲಗಾರನ ಪುಸ್ತಕದ ಹಾಗೆ.

“ಹೆದರಬೇಡಿ ಮಾವ. ತಾತ ಬರೆದದ್ದು ಹೋಗಿಲ್ಲ” ಎಂದು ಹುಡುಗ ವಿವರಿಸಿದ. ಹಳೆಯ ನುಡಿಯ ಅಕ್ಷರಶೈಲಿ ಒಂದು ಬಗೆಯ ವೇಷ. ಒಳಗೆ ಇಂಗ್ಲಿಷಿನ ಸಂಕೇತಗಳೇ ಇರುತ್ತವೆ. ಪಿ ಅಕ್ಷರಕ್ಕೆ ‘ಕ’ದ ವೇಷ, ಪೌಂಡಿನ ಗುರುತಿಗೆ ‘ನ’ದ ವೇಷ. ಆ ಅಕ್ಷರಶೈಲಿ ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಅದರದೇ ಸಂಖ್ಯೆಗಳು ದೊರೆತವು. ‘ಕ’ ಎಂದರೆ 3221, ಯಾವ ಯಂತ್ರದಲ್ಲಿಯೂ ಅಷ್ಟೆ. “ನುಡಿಯ ಅಕ್ಷರಶೈಲಿಯನ್ನು ಇಲ್ಲಿಗೂ ಹಾಕಿಕೊಡುತ್ತೇನೆ, ಈಗಲೇ ಓದಬಹುದು. ಆದರೆ ಅಮ್ಮನ ಫೋನಿಗೆ ಕಳಿಸಿದರೆ ಅಲ್ಲಿ ಮತ್ತೆ ಪೌಂಡು. ಪೂರ್ತಿ ಯೂನಿಕೋಡಿಗೆ ತಿರುಗಿಸುವುದೇ ಸರಿ” ಎಂದ.

ತಿರುಗಿಸಲು ಒಂದು ಪ್ರೋಗ್ರಾಮು ಇತ್ತು. ಮೂವತ್ತೊಂದು ಫೈಲುಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಕನ್ನಡವಾದವು. ಆದರೆ ಅಣ್ಣನ ಕನ್ನಡವಾಗಿರಲಿಲ್ಲ. ಅರ್ಕಾವತ್ತು ಎಡವಟ್ಟು ಮಾಡಿತ್ತು. ನಾವು ಬರೆಯುವಾಗ ಅದನ್ನು ಅಕ್ಷರದ ಆಚೆಗೆ ಹಾಕುತ್ತೇವೆ, ಓದುವಾಗ ಮೊದಲು ಹೇಳುತ್ತೇವೆ. ಹಳೆಯ ಅಕ್ಷರಶೈಲಿ ಬರೆದ ಕ್ರಮವನ್ನು ಹಿಡಿದದ್ದು. ಯೂನಿಕೋಡು ಓದುವ ಕ್ರಮವನ್ನು ಹಿಡಿಯುತ್ತದೆ. ಆ ಪ್ರೋಗ್ರಾಮಿಗೆ ಈ ಸೂಕ್ಷ್ಮ ತಿಳಿಯದೆ ‘ಸೂರ್ಯ’ ಎಂಬುದು ‘ಸೂಯರ್’ ಆಗಿತ್ತು, ‘ವರ್ಗ’ ಎಂಬುದು ‘ವಗರ್’ ಆಗಿತ್ತು. ಜೀವಮಾನವೆಲ್ಲ ವರ್ಗವಾಗುತ್ತಲೇ ಇದ್ದ ಮೇಷ್ಟ್ರ ಬರವಣಿಗೆಯಲ್ಲಿ ‘ವಗರ್’ ಎಷ್ಟು ಸಲ ಬಂದಿರಬಹುದು, ಓದುಗರೇ ಊಹಿಸಿಕೊಳ್ಳಬೇಕು. ಅಲ್ಲಲ್ಲಿ ಅಣ್ಣ ಇಂಗ್ಲಿಷಿನಲ್ಲಿ ಹಾಕಿದ್ದ ಮಾತುಗಳನ್ನೂ ಅದು ಕನ್ನಡವೆಂದು ತಿಳಿದು ಯಾವ ನಿಘಂಟಿನಲ್ಲಿಯೂ ಇಲ್ಲದ ಪದಗಳನ್ನು ಹೊಸೆದಿತ್ತು. ಅರ್ಕಾವತ್ತನ್ನು ಹುಡುಗ ಒಟ್ಟಿಗೆ ಸರಿಪಡಿಸಿಕೊಟ್ಟ. ಉಳಿದದ್ದಕ್ಕೆ ಒಂದೇ ದಾರಿ. “ಒಂದು ಸಲ ಮೊದಲಿನಿಂದ ಕೊನೆಯವರೆಗೆ ನೀವೇ ಓದಿ ತಿದ್ದಬೇಕು ಮಾವ. ನಿಮಗೆ ಹೇಗೂ ಎಲ್ಲ ಗೊತ್ತಲ್ಲ.”

ನಾನು ಹೂಂ ಎಂದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನಾಕೆ ನನ್ನ ಮುಖ ನೋಡಿದಳು. ನಿಜವನ್ನು ಇಲ್ಲಿ ಹೇಳಿಬಿಡುತ್ತೇನೆ. ಆ ಮೂವತ್ತೊಂದರಲ್ಲಿ ಒಂದನ್ನೂ ನಾನು ಓದಿರಲಿಲ್ಲ. ಅಣ್ಣ ಇದ್ದಾಗ, ಮುಗಿದ ಮೇಲೆ ಓದೋಣ ಎಂದುಕೊಂಡೆ. ಅವರು ಹೋದ ಮೇಲೆ, ಸ್ವಲ್ಪ ದಿನ ಕಳೆಯಲಿ ಎಂದುಕೊಂಡೆ. ಐದು ವರ್ಷ ಕಳೆದಿತ್ತು. ಅಣ್ಣನ ನೆನಪುಗಳಿಗಾಗಿ ಆ ಮನೆ ಉಳಿಸಿಕೊಂಡಿದ್ದೇನೆ ಎಂದು ಎಲ್ಲರಿಗೂ ಹೇಳಿದ್ದೆ. ನಾನು ಮಾಡಿದ್ದು ಬೀಗ ಹಾಕಿಟ್ಟದ್ದು ಮಾತ್ರ.

ಹಬ್ಬದ ಮೂರು ದಿನ, ಅದಾದ ಮೇಲೆ ಇನ್ನೊಂದು ವಾರ ಕುಳಿತು ಓದಿದೆ. ತಪ್ಪು ತಿದ್ದುವುದಕ್ಕೆಂದು ಓದುವ ಓದು ವಿಚಿತ್ರವಾದದ್ದು. ಒಂದು ಅಕ್ಷರವನ್ನೂ ಹಾರಿಸುವಂತಿಲ್ಲ. ಬರೆದವರು ಕೀಲಿ ಒತ್ತಿದ ವೇಗದಲ್ಲಿಯೇ ನಾವೂ ಸಾಗಬೇಕು. ಅಣ್ಣನ ಪಕ್ಕದಲ್ಲಿ ಅಷ್ಟು ಹೊತ್ತು ನಾನು ಎಂದೂ ಕುಳಿತಿರಲಿಲ್ಲ.

ಇಪ್ಪತ್ತೆರಡನೆಯ ಫೈಲಿನಲ್ಲಿ ವರ್ಗಾವರ್ಗಿಯ ಸಂಗತಿ ಬಂತು. ಒಂದು ಊರು ಬಿಟ್ಟು ಇನ್ನೊಂದಕ್ಕೆ ಹೊರಟ ದಿನ ನಾನು ಬಾಗಿಲ ಕಂಬ ತಬ್ಬಿಕೊಂಡು ಬರುವುದಿಲ್ಲವೆಂದು ಹಟ ಮಾಡಿದೆನಂತೆ. “ಇವನಿಗೆ ಮನೆ ಬಿಡುವುದೆಂದರೆ ಆಗದು” ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದಾರೆ. ಅದರ ಕೆಳಗೆ ಒಂದು ಬುದ್ಧಿಮಾತು: ಸಾಮಾನೆಲ್ಲ ಗಾಡಿಗೆ ಏರಿದ ಮೇಲೆ ಖಾಲಿ ಮನೆಯನ್ನು ಒಂದು ಸಲ ಸುತ್ತಬೇಕು, ಗೋಡೆಯ ಗೂಡುಗಳಲ್ಲಿ ಕೈಯಾಡಿಸಬೇಕು, ಕಟ್ಟುವವರ ಕಣ್ಣು ದೊಡ್ಡ ಸಾಮಾನಿನ ಮೇಲೆ ಇರುತ್ತದೆ, ಸಣ್ಣದು ಗೂಡಿನಲ್ಲಿಯೇ ಉಳಿದುಹೋಗುತ್ತದೆ. ಹಾಗೆ ಒಂದು ಸಲ ಅಮ್ಮನ ಕುಂಕುಮದ ಭರಣಿ ಉಳಿದುಹೋಗಿ, ಮುಂದಿನ ಭಾನುವಾರ ಅಣ್ಣ ಬಸ್ಸು ಹತ್ತಿ ಹೋಗಿ ನೋಡಿದರೆ, ಹೊಸದಾಗಿ ಬಂದವರು ಅದನ್ನು ಮುಟ್ಟದೆ ಅದೇ ಗೂಡಿನಲ್ಲಿ ಇಟ್ಟಿದ್ದರಂತೆ.

ಓದಿ ಎದ್ದವನೇ ಅಕ್ಕನ ಮಗನಿಗೆ ಫೋನು ಮಾಡಿ, ಇನ್ನೂ ಏನನ್ನೂ ಅಳಿಸುವುದು ಬೇಡ ಎಂದೆ. ಉಬುಂಟುವಿನಿಂದಲೇ ಹಳೆಯ ಮನೆಯನ್ನು ಸುತ್ತಿದೆ. ಅಣ್ಣನ ಹೆಸರಿನ ಖಾತೆಯಲ್ಲಿ ಒಂದೊಂದೇ ಫೋಲ್ಡರು ತೆರೆದೆ. ಇಳಿಸಿಕೊಂಡ ಪಂಚಾಂಗ, ಮೊಮ್ಮಕ್ಕಳ ಪಟ, ವಿದ್ಯುತ್ತಿನ ಬಿಲ್ಲು. ಚಿತ್ರಗಳಿಗೆಂದು ಇರುವ ಫೋಲ್ಡರಿನ ತಳದಲ್ಲಿ ಮೂವತ್ತೆರಡನೆಯ ಫೈಲು ಇತ್ತು. ದಾರಿತಪ್ಪಿ ಅಲ್ಲಿ ಇಟ್ಟಿದ್ದರು. ತಿರುಗಿಸಿ ಓದಿದೆ. ತಲೆಬರಹ: ‘ಕಂಪ್ಯೂಟರು ಹಚ್ಚುವ ಕ್ರಮ’.

ಐದು ಸಾಲು. ಗುಂಡಿ ಒತ್ತಬೇಕು. ಕನ್ನಡಕ ಹಾಕಿಕೊಂಡಿರಬೇಕು. ಪಟ್ಟಿ ಬಂದ ಕೂಡಲೇ ಕೆಳಬಾಣದ ಕೀಲಿಯನ್ನು ಎರಡು ಸಲ ಒತ್ತಿ, ಎಂಟರ್ ಒತ್ತಬೇಕು. ತಡಮಾಡಿದರೆ ಮಗನ ಮನೆಗೆ ಹೋಗುತ್ತದೆ. ಹೋದರೆ ಗಾಬರಿಯಾಗಬಾರದು, ಆರಿಸಿ ಮತ್ತೆ ಹಚ್ಚಬೇಕು.

ಕಂಪ್ಯೂಟರಿನ ಬಾಗಿಲು ತೆರೆಯುವ ಕ್ರಮವನ್ನು ಕಂಪ್ಯೂಟರಿನ ಒಳಗೇ ಬರೆದು ಇಟ್ಟಿದ್ದರು. ಮೊದಲು ನಗು ಬಂತು. ನನ್ನಾಕೆಯನ್ನು ಕರೆದು ತೋರಿಸಿದೆ. ಅವಳು ಓದಿ, “ಮಾವನವರು ನಿಮ್ಮನ್ನು ಒಂದು ಸಲವೂ ಕೇಳಲಿಲ್ಲ ನೋಡಿ” ಎಂದಳು. ಪಕ್ಕದ ಕೋಣೆಯಲ್ಲಿಯೇ ನಾನಿದ್ದೆ. ಎಷ್ಟು ಸಲ ನನ್ನ ಮನೆಗೆ ಬಂದು, ಯಾರನ್ನೂ ಕೂಗದೆ, ಆರಿಸಿ, ಮತ್ತೆ ಹಚ್ಚಿದ್ದರೋ.

ಮುಂದಿನ ಭಾನುವಾರ ಹುಡುಗ ಬಂದ. ಫೈಲುಗಳ ಒಂದು ಪ್ರತಿ ಪೆನ್ ಡ್ರೈವಿನಲ್ಲಿ, ಒಂದು ಅಕ್ಕನ ಮನೆಯಲ್ಲಿ, ಒಂದು ಕಾಗದದ ಮೇಲೆ ಅಚ್ಚಾಗಿ, ಹೀಗೆ ಮೂರು ಕಡೆ ಇದ್ದವು. ಜಿಪಾರ್ಟೆಡ್ ಎಂಬ ಸಾಧನ ತೆರೆದು ಡಿಸ್ಕಿನ ನಕ್ಷೆಯನ್ನು ತೋರಿಸಿದ. ತುದಿಯಲ್ಲಿ ಒಂದು ಪುಟ್ಟ ಭಾಗವಿತ್ತು. “ಇದನ್ನು ಮಾತ್ರ ಮುಟ್ಟಬಾರದು ಮಾವ. ಎರಡು ಮನೆಗೂ ಇದೇ ಹೊಸ್ತಿಲು. ಇದನ್ನು ಅಳಿಸಿದರೆ ನಿಮ್ಮ ಉಬುಂಟುವಿಗೂ ಬಾಗಿಲಿಲ್ಲ” ಎಂದ. ದೊಡ್ಡ ಭಾಗವನ್ನು ಆರಿಸಿ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಒಂಬತ್ತು ವರ್ಷದ ಮನೆ ಖಾಲಿಯಾಗಲು ಒಂದು ನಿಮಿಷವೂ ಬೇಕಾಗಲಿಲ್ಲ.

ಆ ಜಾಗವನ್ನು ಉಬುಂಟುವಿನ ಜೊತೆ ಸೇರಿಸಬೇಕಾದರೆ ಉಬುಂಟುವನ್ನೇ ಎತ್ತಿ ಮುಂದಕ್ಕೆ ಸರಿಸಬೇಕು; ಅದು ಗಂಟೆಗಟ್ಟಲೆಯ ಕೆಲಸ, ನಡುವೆ ಕರೆಂಟು ಹೋದರೆ ಎಲ್ಲವೂ ಹೋದ ಹಾಗೆ. ಆದ್ದರಿಂದ ಅದನ್ನು ಬೇರೆಯೇ ಒಂದು ಕೋಣೆಯಾಗಿ ಮಾಡಿ, ನನ್ನ ಮನೆಯಿಂದ ಅದಕ್ಕೊಂದು ಬಾಗಿಲು ಇಟ್ಟುಕೊಟ್ಟ. “ಕೋಣೆಗೆ ಹೆಸರೇನು ಕೊಡಲಿ? ‘ಹಳೇ ಮನೆ’ ಅಂತ ಹಾಕಲೇ?” ಎಂದು ಕೇಳಿದ. ಹಾಕಲು ಹೋದರೆ ಹಿಡಿಸಲಿಲ್ಲ. ಹೆಸರಿಗೆ ಇರುವುದು ಹದಿನಾರು ಬೈಟಿನ ಜಾಗ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಹಳೇ ಮನೆ’ಗೆ ಹತ್ತೊಂಬತ್ತು ಆಗುತ್ತದೆ. ‘ಅಣ್ಣ’ ಎಂಬುದಕ್ಕೆ ಹನ್ನೆರಡು ಸಾಕು. ಅದನ್ನೇ ಹಾಕಿಸಿದೆ. ಮೂವತ್ತೆರಡು ಫೈಲುಗಳೂ ಈಗ ಅಲ್ಲಿವೆ. ಅಕ್ಕ ತನ್ನ ಫೋನಿನಲ್ಲಿ ದಿನಕ್ಕೊಂದರಂತೆ ಓದುತ್ತಿದ್ದಾಳೆ.

ಕೊನೆಗೆ ಹುಡುಗ ಗ್ರಬ್ಬಿನ ಪಟ್ಟಿಯನ್ನು ಹೊಸದಾಗಿ ಬರೆಸಿದ. ಒಂದೇ ಮನೆಯಿದ್ದರೆ ಪಟ್ಟಿ ಏಕೆ? ಈಗ ಗುಂಡಿ ಒತ್ತಿದರೆ ಅದು ಬರುವುದೇ ಇಲ್ಲ. ನೇರವಾಗಿ ಒಳಗೆ ಹೋಗುತ್ತದೆ. ಗಡಿಯಾರವೂ ಇಂಗ್ಲೆಂಡಿಗೆ ಹೋಗುವುದನ್ನು ಬಿಟ್ಟಿದೆ. ಆದರೆ ನನ್ನ ಬೆರಳಿಗೆ ಇನ್ನೂ ತಿಳಿದಿಲ್ಲ. ಬೆಳಗ್ಗೆ ಗುಂಡಿ ಒತ್ತಿದ ಮೇಲೆ ಅದು ತಾನಾಗಿ ಕೆಳಬಾಣದ ಕೀಲಿಯ ಮೇಲೆ ಹೋಗಿ ಕುಳಿತಿರುತ್ತದೆ. ಅಷ್ಟರಲ್ಲಿ ಮಗನ ಮನೆ ಬಂದಿರುತ್ತದೆ. ಒಂದು ಬದಿಯಲ್ಲಿ ‘ಅಣ್ಣ’ ಎಂಬ ಕೋಣೆ ಕಾಣುತ್ತದೆ.